ಒಂದೇ ಚೌಕ, ಮೂರು ಪಾಳಿ

ಅಹಮದಾಬಾದಿನ ಹಳೇ ಪೇಟೆಯ ನಡುವಿನ ಮಾಣೆಕ್ ಚೌಕವನ್ನು ಪೂರ್ತಿ ನೋಡಬೇಕೆಂದರೆ ಒಂದೇ ದಿನ ಮೂರು ಸಲ ಹೋಗಬೇಕು. ಬೆಳಿಗ್ಗೆ ಅಲ್ಲಿ ತರಕಾರಿ, ಸೊಪ್ಪು, ಹಸುವಿಗೆ ತಿನ್ನಿಸಲೆಂದು ಜನ ಕೊಳ್ಳುವ ಹಸಿಹುಲ್ಲಿನ ಕಂತೆ. ಹತ್ತು, ಹನ್ನೊಂದರ ಹೊತ್ತಿಗೆ ಚಿನಿವಾರರ ಅಂಗಡಿಗಳು ತೆರೆಯುತ್ತವೆ. ಆಮೇಲೆ ಸಂಜೆಯ ತನಕ ಚಿನ್ನ ಬೆಳ್ಳಿಯ ಮಾತೇ ಮಾತು. ಆ ಅಂಗಡಿಗಳಿಗೆ ಬೀಗ ಬಿದ್ದು, ರಾತ್ರಿ ಒಂಬತ್ತು ದಾಟುತ್ತಿದ್ದಂತೆ ಅದೇ ನೆಲಕ್ಕೆ ಮೇಜು, ಸ್ಟೂಲು, ಗ್ಯಾಸಿನ ಒಲೆ, ಅಗಲವಾದ ಕಾವಲಿ ಬಂದಿಳಿಯುತ್ತವೆ. ಪಾವ್ ಭಾಜಿ, ಘೂಘ್ರಾ ಸ್ಯಾಂಡ್‌ವಿಚ್, ಅನಾನಸ್ ಹಾಕಿದ ಸ್ಯಾಂಡ್‌ವಿಚ್, ಕುಲ್ಫಿ, ಜೊತೆಗೆ ‘ಗ್ವಾಲಿಯರ್ ದೋಸೆ’ ಎಂಬ ಹೆಸರಿನಲ್ಲಿ ಬೆಣ್ಣೆ, ತರಕಾರಿ, ಚೀಸ್ ಸುರಿದು ಮಾಡುವ ಒಂದು ತಿನಿಸು. ದಾವಣಗೆರೆಯವರು ಅದನ್ನು ದೋಸೆಯೆಂದು ಒಪ್ಪಲಿಕ್ಕಿಲ್ಲ, ಆದರೆ ಅದರ ಮುಂದೆ ನಿಂತವರ ಸಾಲು ಮಧ್ಯರಾತ್ರಿಯಾದರೂ ಕರಗುವುದಿಲ್ಲ. ಒಂದು, ಒಂದೂವರೆಯವರೆಗೆ ಹೀಗೆ ನಡೆದು ಚೌಕ ಖಾಲಿಯಾಗುತ್ತದೆ. ಬೆಳಗಾದರೆ ಮತ್ತೆ ಸೊಪ್ಪಿನ ಬುಟ್ಟಿ.

ಈ ಚೌಕಕ್ಕೆ ಹೆಸರು ಕೊಟ್ಟವನು ಮಾಣೆಕ್‌ನಾಥ ಎಂಬ ಸಂತ. 1411ರಲ್ಲಿ ಸುಲ್ತಾನ ಅಹಮದ್ ಷಾ ಈ ಊರಿಗೆ ಕೋಟೆ ಕಟ್ಟಿಸುವಾಗ ಸಂತ ಹಗಲು ಚಾಪೆ ಹೆಣೆಯುತ್ತಿದ್ದ, ರಾತ್ರಿ ಅದನ್ನು ಬಿಚ್ಚುತ್ತಿದ್ದ, ಬಿಚ್ಚಿದಷ್ಟೂ ಗೋಡೆ ಕುಸಿಯುತ್ತಿತ್ತು ಎಂದು ಐತಿಹ್ಯ. ಕಟ್ಟಿದ್ದನ್ನು ದಿನವೂ ಬಿಚ್ಚಿ ಮತ್ತೆ ಕಟ್ಟುವ ಚೌಕಕ್ಕೆ ಇದಕ್ಕಿಂತ ಒಪ್ಪುವ ಕಥೆ ಸಿಗುವುದು ಕಷ್ಟ. ಸುತ್ತಮುತ್ತ ಸುಲ್ತಾನನ ಗೋರಿ, ರಾಣಿಯರ ಗೋರಿ, 1424ರ ಜಾಮಾ ಮಸೀದಿ, 1894ರಲ್ಲಿ ಶುರುವಾದ ಷೇರು ವಿನಿಮಯ ಕೇಂದ್ರದ ಹಳೆಯ ಕಟ್ಟಡ. ರಾಣಿಯರ ಗೋರಿಯ ಸುತ್ತ ಬಟ್ಟೆ, ಬಳೆ, ಓಲೆ ಮಾರುವ ಅಂಗಡಿಗಳು.

ನನಗೆ ಮುಖ್ಯವೆನಿಸುವ ಸಂಗತಿ ಇದು: ಮೂರು ವ್ಯಾಪಾರಗಳು ಒಂದೇ ನೆಲವನ್ನು ಹಂಚಿಕೊಂಡಿವೆ, ಆ ಹಂಚಿಕೆಯನ್ನು ಯಾವ ಪಾಲಿಕೆಯೂ ಕೂತು ಬರೆದದ್ದಲ್ಲ. ರಾತ್ರಿ ತಿಂಡಿಯ ಗಾಡಿಗಳಿದ್ದರೆ ತಮ್ಮ ಅಂಗಡಿಗಳಿಗೆ ಕಾವಲಿದ್ದಂತೆ ಎಂದು ಚಿನಿವಾರರೇ ಅವರಿಗೆ ಜಾಗ ಬಿಟ್ಟರು ಎಂದು ಅಲ್ಲಿಯವರು ಹೇಳುತ್ತಾರೆ. ಹೌದೋ ಅಲ್ಲವೋ, ಲೆಕ್ಕಾಚಾರವಂತೂ ಸರಿಯಾಗಿದೆ. ನೂರಾರು ಜನ ಕೂತು ಉಣ್ಣುವ ಬೀದಿಯಲ್ಲಿ ಬೀಗ ಒಡೆಯುವವನಿಗೆ ಧೈರ್ಯ ಬರುವುದಿಲ್ಲ. ಸರಾಫ ಕಟ್ಟೆಯ ಕಸವನ್ನೂ ಇಲ್ಲಿ ಸುಮ್ಮನೆ ಚೆಲ್ಲುವುದಿಲ್ಲ. ಅಂಗಡಿ ಮುಂದಿನ ಧೂಳನ್ನು ಗುಡಿಸಿ, ತೊಳೆದು, ಅದರಲ್ಲಿ ಉಳಿದ ಚಿನ್ನದ ಕಣ ಹೆಕ್ಕಿ ಬದುಕುವ ಧೂಳ್‌ಧೋಯಾ ಎಂಬ ಕಸುಬಿನವರಿದ್ದಾರೆ. ಒಬ್ಬರ ಕೆಲಸ ಮುಗಿದಲ್ಲಿ ಇನ್ನೊಬ್ಬರದು ಶುರು.

ನಮ್ಮ ಪಾಲಿಕೆಗಳಿಗೆ, ಗುಜರಾತಿನದಿರಲಿ ಕರ್ನಾಟಕದ್ದಿರಲಿ, ಜಾಗ ಹಂಚುವುದು ಗೊತ್ತು. ವೇಳೆ ಹಂಚುವುದು ಗೊತ್ತಿಲ್ಲ. ನಕ್ಷೆಯಲ್ಲಿ ಇದು ರಸ್ತೆ, ಇದು ಪಾದಚಾರಿ ಮಾರ್ಗ, ಇದು ಮಾರುಕಟ್ಟೆ ಎಂದು ಗೆರೆ ಎಳೆದರೆ ಆ ಗೆರೆ ಇಪ್ಪತ್ನಾಲ್ಕು ಗಂಟೆಗೂ ಒಂದೇ. ಗೆರೆ ದಾಟಿ ಕೂತವರು ಒತ್ತುವರಿದಾರರು. ಅಹಮದಾಬಾದಿನಲ್ಲಿ ಇದಕ್ಕೆ ‘ದಬಾಣ್’ ಎನ್ನುತ್ತಾರೆ. ದಬಾಣ್ ತೆರವು ಮಾಡುವ ಪಾಲಿಕೆಯ ವಾಹನ ತಿರುವಿನಲ್ಲಿ ಕಂಡರೆ ಸಾಕು, ನೆಲದ ಮೇಲೆ ಬಟ್ಟೆ ಹಾಸಿ ಕೂತವರು ನಾಲ್ಕೂ ಮೂಲೆ ಹಿಡಿದೆತ್ತಿ ಗಂಟು ಕಟ್ಟಿಕೊಂಡು ಓಡುತ್ತಾರೆ. ವಾಹನ ಹೋದ ಕಾಲು ಗಂಟೆಗೆ ಮತ್ತೆ ಹಾಸು. ಇದರಿಂದ ರಸ್ತೆಯೂ ತೆರವಾಗುವುದಿಲ್ಲ, ವ್ಯಾಪಾರವೂ ನೆಟ್ಟಗೆ ನಡೆಯುವುದಿಲ್ಲ. ಆಗುವುದು ಒಂದೇ: ತಕ್ಕಡಿ ಕಳೆದುಕೊಂಡ ಹೆಂಗಸು ಮರುದಿನ ಬಡ್ಡಿಗೆ ದುಡ್ಡು ತಂದು ಹೊಸ ತಕ್ಕಡಿ ಕೊಳ್ಳಬೇಕು.

ಆ ಹೆಂಗಸಿನ ಪರವಾಗಿ ದೇಶದಲ್ಲೇ ಮೊದಮೊದಲು ನ್ಯಾಯಾಲಯದ ಮೆಟ್ಟಿಲೇರಿದ ಹೋರಾಟಗಳಲ್ಲೊಂದು ಶುರುವಾದದ್ದೂ ಇದೇ ಮಾಣೆಕ್ ಚೌಕದಲ್ಲಿ. 1972ರಲ್ಲಿ ಇಲಾ ಭಟ್ ಅವರು ಇದೇ ಊರಿನಲ್ಲಿ ಸ್ವಉದ್ಯೋಗಿ ಮಹಿಳೆಯರ ಸಂಘ ‘ಸೇವಾ’ ಕಟ್ಟಿದರು. ಚೌಕದಲ್ಲಿ ತರಕಾರಿ ಮಾರುತ್ತಿದ್ದವರಲ್ಲಿ ಹೆಚ್ಚಿನವರು ತಾಯಿ, ಅಜ್ಜಿಯರ ಕಾಲದಿಂದ ಅಲ್ಲೇ ಕೂತವರು. ಅವರಿಗೆ ಪರವಾನಗಿ ಮಾತ್ರ ಇರಲಿಲ್ಲ. ಪೊಲೀಸರ ಕಾಟ, ದಿನದ ದಂಡ, ಬುಟ್ಟಿ ಕಸಿಯುವುದು ನಡೆದೇ ಇತ್ತು. ಅವರು ಕೇಳಿದ್ದು ಮಳಿಗೆಯನ್ನಲ್ಲ, ಎರಡು ಬುಟ್ಟಿ ಇಡುವಷ್ಟು ಜಾಗ. 1980ರ ಸುಮಾರಿಗೆ ಅವರನ್ನು ಎಬ್ಬಿಸಿದಾಗ ಇಲಾಬೆನ್ ಜೊತೆ ಅವರು ಅಲ್ಲೇ ಕೂತು ಸತ್ಯಾಗ್ರಹ ಮಾಡಿದರು. ಮುಂದೆ ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಬೀದಿಯಲ್ಲಿ ಮಾರುವುದು ಅಪರಾಧವಲ್ಲ, ದುಡಿಮೆ ಎಂಬ ಮಾತಿಗೆ ದೇಶದಲ್ಲಿ ನೆಲೆ ಸಿಕ್ಕಿದ್ದು ಇಂಥ ಪ್ರಕರಣಗಳಿಂದ. 1985ರಲ್ಲಿ ಮುಂಬೈ, 1989ರಲ್ಲಿ ದಿಲ್ಲಿಯ ಸೋದನ್ ಸಿಂಗ್ ಪ್ರಕರಣದ ತೀರ್ಪುಗಳು ಅದಕ್ಕೆ ಬಲ ಕೊಟ್ಟವು. ಇಲಾಬೆನ್ 2022ರ ನವೆಂಬರಿನಲ್ಲಿ ತೀರಿಕೊಂಡರು.

ಹೋರಾಟ ಶುರುವಾಗಿ ಮೂರು ದಶಕಗಳ ನಂತರ, 2014ರಲ್ಲಿ, ಬೀದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆಯ ಕಾಯ್ದೆ ಬಂತು. ಅದನ್ನು ಓದಿದವರು ಪಾಲಿಕೆಗಳಲ್ಲಿ ಎಷ್ಟು ಮಂದಿಯೋ, ಆದರೆ ಓದಬೇಕಾದ ಕಾಯ್ದೆ ಅದು. ಪ್ರತಿ ಊರಿನಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಸದಸ್ಯರಲ್ಲಿ ಕನಿಷ್ಠ ಶೇ 40 ವ್ಯಾಪಾರಿಗಳೇ ಆರಿಸಿದ ವ್ಯಾಪಾರಿಗಳು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಸಿ ಎಲ್ಲರಿಗೂ ಪ್ರಮಾಣಪತ್ರ ಕೊಡಬೇಕು. ಜನಸಂಖ್ಯೆಯ ಶೇ 2.5ರಷ್ಟು ವ್ಯಾಪಾರಿಗಳಿಗೆ ಊರು ಜಾಗ ಮಾಡಿಕೊಡಬೇಕು. ಸಮೀಕ್ಷೆ ಮುಗಿಯುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಐವತ್ತು ವರ್ಷ ಮೀರಿದ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆಯೆಂದು ಘೋಷಿಸಬೇಕು, ಅಲ್ಲಿಯವರನ್ನು ಸ್ಥಳಾಂತರಿಸಬಾರದು ಎಂದೂ ಅದರ ಅನುಸೂಚಿ ಹೇಳುತ್ತದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು ಅಂಶ. ಕಾಯ್ದೆಯಡಿ ರೂಪಿಸುವ ಯೋಜನೆಯಲ್ಲಿ ವೇಳೆ ಹಂಚಿಕೆಯ ವ್ಯಾಪಾರಕ್ಕೂ ಕ್ರಮ ಹೇಳಬೇಕು. ಮಾಣೆಕ್ ಚೌಕ ಬಹುಕಾಲದಿಂದ ಬರಹವಿಲ್ಲದೆ ಮಾಡಿಕೊಂಡು ಬಂದದ್ದನ್ನು ಕಾನೂನು ಕೊನೆಗೂ ತನ್ನ ಪುಟಕ್ಕೆ ಬರಮಾಡಿಕೊಂಡಿದೆ.

ಆದರೆ ವೇಳೆಯನ್ನು ಲೆಕ್ಕಕ್ಕೆ ಹಿಡಿಯದ ಆಡಳಿತ ಸಮೀಕ್ಷೆಯನ್ನೂ ಸರಿಯಾಗಿ ಮಾಡಲಾರದು. ಬೆಳಿಗ್ಗೆ ಹನ್ನೊಂದಕ್ಕೆ ಕಚೇರಿಯ ವೇಳೆಯಲ್ಲಿ ಎಣಿಸಲು ಹೊರಟರೆ ಮಾಣೆಕ್ ಚೌಕದಲ್ಲಿ ತಿಂಡಿ ಮಾರುವವನೊಬ್ಬನೂ ಸಿಗುವುದಿಲ್ಲ. ರಾತ್ರಿ ಹತ್ತಕ್ಕೆ ಹೋದರೆ ಸೊಪ್ಪಿನ ಹೆಂಗಸರು ಸಿಗುವುದಿಲ್ಲ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿನ ವ್ಯಾಪಾರದ ಬಿರುಸು ಕಾಣಬೇಕೆಂದರೆ ಬೆಳಗಿನ ಜಾವವೇ ಹೋಗಬೇಕು. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಪ್ರಮಾಣಪತ್ರವಿಲ್ಲ. ಪ್ರಮಾಣಪತ್ರವಿಲ್ಲದವರಿಗೆ ಬೀದಿ ವ್ಯಾಪಾರಿಗಳಿಗೆಂದು 2020ರಲ್ಲಿ ಕೇಂದ್ರ ತಂದ ಸ್ವನಿಧಿ ಸಾಲ ಪಡೆಯುವುದಕ್ಕೂ ಅಲೆದಾಟ ಹೆಚ್ಚು. ಎಣಿಸುವವನ ಕೈಗಡಿಯಾರವೇ ಯಾರು ವ್ಯಾಪಾರಿ, ಯಾರು ಅಲ್ಲ ಎಂದು ತೀರ್ಮಾನಿಸಿಬಿಡುತ್ತದೆ.

ವೇಳೆಯ ಹಂಚಿಕೆಗೆ ಅಹಮದಾಬಾದಿನಲ್ಲೇ ಇನ್ನೊಂದು ದೊಡ್ಡ ಉದಾಹರಣೆಯಿದೆ, ಅದು ವಾರದ ಲೆಕ್ಕದ್ದು. ಸಾಬರಮತಿಯ ದಡದಲ್ಲಿ ಎಲ್ಲಿಸ್ ಸೇತುವೆಯ ಬಳಿ ಭಾನುವಾರ ಮಾತ್ರ ಸೇರುವ ಗುಜರಿ ಬಜಾರ್. ಊರಿನವರು ಅದನ್ನು ‘ರವಿವಾರಿ’ ಎನ್ನುತ್ತಾರೆ. ಹಳೇ ಪುಸ್ತಕ, ಹಳೇ ಪಾತ್ರೆ, ಹಗ್ಗದ ಮಂಚ, ಬಡಗಿಯ ಉಳಿ, ಸುತ್ತಿಗೆ, ಸೈಕಲ್ಲಿನ ಬಿಡಿಭಾಗ, ಕೋಳಿ, ಮೇಕೆ ಎಲ್ಲವೂ ಅಲ್ಲಿ ಸಿಗುತ್ತವೆ. ಸುಲ್ತಾನ ಅಹಮದ್ ಷಾನ ಕಾಲದಲ್ಲಿ ಶುಕ್ರವಾರದ ಸಂತೆಯಾಗಿ ಹುಟ್ಟಿದ್ದೆಂದು ಪ್ರತೀತಿ. 1954ರಲ್ಲಿ ಅದು ನದಿಯ ಬಯಲಿಗೆ ಬಂತು, ಭಾನುವಾರದ್ದಾಯಿತು. ಊರಿನ ಬಡವರು ಮನೆ ತುಂಬಿಕೊಂಡದ್ದು ಅಲ್ಲಿಂದಲೇ. ಕಾಲೇಜು ಹುಡುಗರು ಅರ್ಧ ಬೆಲೆಗೆ ಪಠ್ಯಪುಸ್ತಕ ಕೊಂಡದ್ದೂ ಅಲ್ಲಿಂದಲೇ.

ಸಾಬರಮತಿಯ ದಡಕ್ಕೆ ಕಾಂಕ್ರೀಟು ಹಾಕುವ ನದಿಮುಖ ಯೋಜನೆ ಬಂದಾಗ ಈ ಸಂತೆಯ ಬುಡಕ್ಕೇ ಕೊಡಲಿ ಬಿತ್ತು. ಯೋಜನೆಯ ಮೊದಲ ಚಿತ್ರಗಳಲ್ಲಿ ಉದ್ಯಾನವಿತ್ತು, ನಡಿಗೆಯ ಹಾದಿಯಿತ್ತು, ಭಾನುವಾರದ ಗುಜರಿ ಇದ್ದಂತೆ ಕಾಣುವುದಿಲ್ಲ. ವ್ಯಾಪಾರಿಗಳ ಗುಜರಿ ಸಂಘ ಸುಮ್ಮನಿರಲಿಲ್ಲ. ಊರಿನ ಉನ್ನತ ವಿದ್ಯಾಸಂಸ್ಥೆಗಳ ಅಧ್ಯಾಪಕರು, ವಿದ್ಯಾರ್ಥಿಗಳು ಜೊತೆಗೂಡಿ ಸಂತೆಯ ನಕ್ಷೆ ಮಾಡಿದರು, ಎಷ್ಟು ಜನ ಬಂದು ಏನೇನು ಕೊಳ್ಳುತ್ತಾರೆ ಎಂದು ಬರೆದಿಟ್ಟರು. ಪ್ರಕರಣ ಹೈಕೋರ್ಟಿಗೆ ಹೋಯಿತು. ಕಡೆಗೆ ಯೋಜನೆಯೊಳಗೇ ಸಂತೆಗೆ ಜಾಗ ಮಾಡಬೇಕಾಯಿತು; ಕಟ್ಟೆ, ಮರ, ನೀರು, ಶೌಚಾಲಯಗಳೊಂದಿಗೆ 2014ರಲ್ಲಿ ಹೊಸ ಮಾರುಕಟ್ಟೆ ತೆರೆಯಿತು. ಹಳೆಯ ಸಡಿಲವಾದ ಸಂತೆಯ ಸೊಗಸು ಅದರಲ್ಲಿಲ್ಲ ಎನ್ನುವವರಿದ್ದಾರೆ, ಎಲ್ಲರಿಗೂ ಜಾಗ ದಕ್ಕಲಿಲ್ಲ ಎನ್ನುವವರೂ ಇದ್ದಾರೆ. ಎರಡೂ ಮಾತನ್ನು ನಾನು ತಳ್ಳಿಹಾಕಲಾರೆ. ಹಾಗಿದ್ದೂ, ಅಳಿಸಿ ಹೋಗಬಹುದಾಗಿದ್ದ ಸಂತೆಯೊಂದು ಉಳಿದಿದೆ. ಉಳಿಸಿದ್ದು ಪಾಲಿಕೆಯ ದೂರದೃಷ್ಟಿಯಲ್ಲ, ಸಂಘದ ಹಟ ಮತ್ತು ಲೆಕ್ಕ ಬರೆದಿಟ್ಟವರ ಶ್ರಮ.

ಅದೇ ವರ್ಷ ಭದ್ರಾ ಕೋಟೆಯ ಮುಂದಿನ ಚೌಕವನ್ನೂ ವಾಹನಗಳಿಂದ ಬಿಡಿಸಿ ನಡೆಯುವವರಿಗೆ ಒಪ್ಪಿಸಿದರು. ಕೆಲಸ ಒಳ್ಳೆಯದೇ. ಭದ್ರಕಾಳಿ ಗುಡಿಗೆ ಬರುವವರು, ತೀನ್ ದರ್ವಾಜಾದ ಕಡೆ ಬಟ್ಟೆ ಕೊಳ್ಳಲು ಹೋಗುವವರು ನಿರುಮ್ಮಳವಾಗಿ ನಡೆಯುವ ಹಾಗಾಯಿತು. ಜನ ನಡೆಯುವಲ್ಲಿ ವ್ಯಾಪಾರಿಗಳು ಬಂದರು, ಬಂದೇ ಬರುತ್ತಾರೆ. ಎಷ್ಟು ಮಂದಿ, ಯಾವ ಹೊತ್ತು, ಎಲ್ಲಿ ಎಂಬುದನ್ನು ಚೌಕದ ಹಾಸುಗಲ್ಲು ಹಾಕುವ ಮುನ್ನವೇ ತೀರ್ಮಾನಿಸಿದ್ದರೆ ಆಮೇಲಿನ ತೆರವು, ತಕರಾರು, ನ್ಯಾಯಾಲಯದ ಓಡಾಟಗಳಲ್ಲಿ ಅರ್ಧವಾದರೂ ತಪ್ಪುತ್ತಿತ್ತು. ತೀನ್ ದರ್ವಾಜಾದ ಕಂಬದ ಮೇಲೆ ಒಂದು ಶಾಸನವಿದೆ. ಮರಾಠರ ಅಧಿಕಾರಿ ಚಿಮಣಾಜಿ ರಘುನಾಥ 1812ರಲ್ಲಿ ಹೊರಡಿಸಿದ್ದು, ತಂದೆಯ ಆಸ್ತಿಯಲ್ಲಿ ಮಗಳಿಗೂ ಪಾಲು ಕೊಡಬೇಕೆಂಬ ಆಜ್ಞೆ. ಪೇಟೆಗೆ ಬರುವ ಎಲ್ಲರೂ ದಾಟುವ ಬಾಗಿಲಲ್ಲೇ ಅದನ್ನು ಕೆತ್ತಿಸಿದರು. ಇವತ್ತಿನ ಪಾಲಿಕೆಯ ಆಜ್ಞೆಗಳು ಸಭೆಯ ನಡವಳಿ ಪುಸ್ತಕದಲ್ಲೋ ಅಧಿಕಾರಿಯ ಬಾಯಿಮಾತಿನಲ್ಲೋ ಉಳಿಯುತ್ತವೆ. ಯಾರು ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಕೂರಬಹುದು, ಶುಲ್ಕ ಎಷ್ಟು ಎಂಬುದನ್ನು ಅದೇ ಬಾಗಿಲ ಪಕ್ಕ ಒಂದು ಫಲಕದಲ್ಲಿ ಬರೆಯುವುದಕ್ಕೆ ಎಷ್ಟು ಖರ್ಚಾದೀತು?

ಬಾಯಿಮಾತಿನ ಆಜ್ಞೆ ಎಲ್ಲಿಗೆ ಒಯ್ಯುತ್ತದೆ ಎಂಬುದು 2021ರ ನವೆಂಬರಿನಲ್ಲಿ ಕಂಡಿತು. ರಾಜಕೋಟ್, ವಡೋದರಾ, ಭಾವನಗರ, ಆಮೇಲೆ ಅಹಮದಾಬಾದ್ ಎಂದು ಒಂದರ ಹಿಂದೊಂದು ಪಾಲಿಕೆಗಳ ಪದಾಧಿಕಾರಿಗಳು ಮುಖ್ಯ ರಸ್ತೆಗಳಲ್ಲಿ ಮೊಟ್ಟೆ, ಮಾಂಸದ ಗಾಡಿಗಳು ಕಾಣಬಾರದು ಎಂದರು. ಅಹಮದಾಬಾದಿನಲ್ಲಿ ಶಾಲೆ, ಪೂಜಾಸ್ಥಳಗಳಿಂದ ನೂರು ಮೀಟರ್ ಒಳಗೂ ಇರಬಾರದು ಎಂದಾಯಿತು. ಗಾಡಿಗಳನ್ನು ಎತ್ತಿಕೊಂಡು ಹೋದರು. ವ್ಯಾಪಾರಿಗಳು ಹೈಕೋರ್ಟಿಗೆ ಹೋದರು. ಡಿಸೆಂಬರ್ 9ರಂದು ನ್ಯಾಯಮೂರ್ತಿ ಬೀರೇನ್ ವೈಷ್ಣವ್ ಅವರು, ಜನ ಏನು ತಿನ್ನಬೇಕೆಂದು ನೀವು ಹೇಗೆ ನಿರ್ಧರಿಸುತ್ತೀರಿ ಎಂದು ಪಾಲಿಕೆಯನ್ನು ನೇರವಾಗಿ ಕೇಳಿದರು. ಒತ್ತುವರಿಯನ್ನಷ್ಟೇ ತೆರವು ಮಾಡಿದ್ದೇವೆ ಎಂದು ಪಾಲಿಕೆ ಹೇಳಿಕೊಂಡಿತು. ಜಪ್ತಿ ಮಾಡಿದ ಸಾಮಾನು ಕೇಳಲು ಬಂದವರ ಅರ್ಜಿಯನ್ನು ಬೇಗ ತೀರ್ಮಾನಿಸಿ ಎಂದು ನ್ಯಾಯಾಲಯ ಸೂಚಿಸಿತು. ಇಡೀ ಗಲಾಟೆಯಲ್ಲಿ ಪಟ್ಟಣ ವ್ಯಾಪಾರ ಸಮಿತಿಯ ಮಾತೇ ಕೇಳಿಸಲಿಲ್ಲ. ಕೇಳಬೇಕಾಗಿದ್ದದ್ದು ಅದೊಂದನ್ನೇ.

ವಡೋದರಾದಲ್ಲಿ ಹೀಗಾದದ್ದು ನನಗೆ ಹೆಚ್ಚು ನೋವಿನ ಸಂಗತಿ, ಏಕೆಂದರೆ ಮಾರುಕಟ್ಟೆಯನ್ನು ಗೌರವದಿಂದ ಕಂಡ ಊರು ಅದು. ಮಹಾರಾಜ ಸಯಾಜಿರಾವ್ ಗಾಯಕವಾಡರು 1906ರಲ್ಲಿ ಖಂಡೇರಾವ್ ಮಾರುಕಟ್ಟೆಯನ್ನು ಕಟ್ಟಿಸಿದರು. ಅರಮನೆಯಂಥ ಮುಂಭಾಗ, ಗೋಪುರ, ಕಮಾನು. ಹಿಂಬದಿಗೆ ಹೋದರೆ ಹೂವು, ಹಣ್ಣು, ತರಕಾರಿ. ವಡೋದರಾ ಮಹಾನಗರ ಪಾಲಿಕೆಯ ಕಚೇರಿಯೂ ಅದೇ ಕಟ್ಟಡದಲ್ಲಿದೆ! ಆಯುಕ್ತರ ಮೇಜಿಗೂ ಸೊಪ್ಪಿನ ಕಟ್ಟೆಗೂ ನಡುವೆ ಇರುವುದು ಕೆಲವು ಗೋಡೆಗಳಷ್ಟೇ. ಸೂರತ್ತಿನಲ್ಲೂ ಪಾಲಿಕೆಯ ಮುಖ್ಯ ಕಚೇರಿ ಇರುವುದು 1644ರಲ್ಲಿ, ಷಾಜಹಾನನ ಕಾಲದಲ್ಲಿ, ಪ್ರಯಾಣಿಕರ ತಂಗುದಾಣವೆಂದು ಕಟ್ಟಿದ ಮುಘಲ್ ಸರಾಯಿಯಲ್ಲಿ. ಬಂದು ಹೋಗುವವರಿಗೆಂದೇ ಕಟ್ಟಿದ ಮನೆಯಲ್ಲಿ ಕೂತವರು ಬಂದು ಹೋಗುವವರ ಕಷ್ಟ ಅರಿಯಬೇಕೆಂದು ಬಯಸುವುದು ಅತಿಯಾಸೆಯಲ್ಲ.

ಹಬ್ಬ, ಜಾತ್ರೆಯ ದಿನ ಪಾಲಿಕೆಯ ಇನ್ನೊಂದು ಮುಖ ಕಾಣುತ್ತದೆ. ಅಹಮದಾಬಾದಿನ ಜಮಾಲಪುರದ ಜಗನ್ನಾಥ ಮಂದಿರದಿಂದ 1878ರಿಂದ ಆಷಾಢ ಶುದ್ಧ ಬಿದಿಗೆಯಂದು ರಥಯಾತ್ರೆ ಹೊರಡುತ್ತದೆ. ಹಳೇ ಊರಿನ ಇಕ್ಕಟ್ಟಿನ ಬೀದಿಗಳನ್ನು ಹಾದು, ದೇವರ ಸೋದರಮಾವನ ಮನೆಯೆಂದು ನಂಬುವ ಸರಸಪುರದಲ್ಲಿ ಮಧ್ಯಾಹ್ನ ತಂಗಿ, ಸಾವಿರಾರು ಜನರಿಗೆ ಊಟವಾಗಿ, ರಾತ್ರಿಗೆ ಮರಳುತ್ತದೆ. ಇದಕ್ಕೆ ಮುನ್ನ ಪಾಲಿಕೆಯವರು ದಾರಿಯ ಗುಂಡಿ ಮುಚ್ಚುತ್ತಾರೆ, ಕೊಂಬೆ ಕಡಿಯುತ್ತಾರೆ, ಇಕ್ಕೆಲದ ಶಿಥಿಲ ಮನೆಗಳಿಗೆ ನೋಟಿಸು ಕೊಡುತ್ತಾರೆ. ಈ ಕಡೆಯ ಕೆಲಸವನ್ನು ಯಾರೂ ಗಮನಿಸುವುದಿಲ್ಲ, ಏನಾದರೂ ಆದಾಗ ಮಾತ್ರ ನೆನಪಾಗುತ್ತದೆ. 2023ರ ಯಾತ್ರೆಯಲ್ಲಿ ದರಿಯಾಪುರದಲ್ಲಿ ಹಳೇ ಮನೆಯೊಂದರ ಬಾಲ್ಕನಿ ನೋಡುಗರ ಸಮೇತ ಕುಸಿಯಿತು. ಒಬ್ಬರು ತೀರಿಕೊಂಡರು, ಹಲವರಿಗೆ ಗಾಯಗಳಾದವು. ನೋಟಿಸು ಅಂಟಿಸುವುದಕ್ಕೂ ಆ ದಿನ ಆ ಬಾಲ್ಕನಿಗೆ ಜನ ಹತ್ತದಂತೆ ಒಬ್ಬನನ್ನು ನಿಲ್ಲಿಸುವುದಕ್ಕೂ ಬಹಳ ಅಂತರವಿದೆ.

ಅದೇ ಊರಿನ ಕಾಂಕರಿಯಾ ಕೆರೆಯ ಕಥೆ ಬೇರೆ. 2008ರಲ್ಲಿ ದಡವನ್ನು ಚಂದಗೊಳಿಸಿ, ಸುತ್ತ ಬೇಲಿ ಹಾಕಿ, ಪ್ರವೇಶಕ್ಕೆ ಟಿಕೆಟ್ ಇಟ್ಟರು. ಡಿಸೆಂಬರಿನ ಕೊನೇ ವಾರ ಪಾಲಿಕೆಯೇ ಕಾಂಕರಿಯಾ ಕಾರ್ನಿವಲ್ ನಡೆಸುತ್ತದೆ. ಊರಿಗೆ ಊರೇ ಸೇರುತ್ತದೆ. ಕೆರೆ ಚೊಕ್ಕಟವಾದದ್ದು ನಿಜ. ಬೇಲಿಯ ಜೊತೆ ದಡದ ತಳ್ಳುಗಾಡಿಗಳು ಹೊರಗೆ ಬಿದ್ದದ್ದೂ ನಿಜ. 2019ರ ಜುಲೈ 14ರಂದು ಅಲ್ಲಿನ ಮಕ್ಕಳ ಉದ್ಯಾನದಲ್ಲಿ ತೂಗುವ ಆಟದ ಯಂತ್ರವೊಂದು ಮುರಿದುಬಿದ್ದು ಇಬ್ಬರು ಸತ್ತರು. 2024ರ ಮೇ 25ರಂದು ರಾಜಕೋಟದ ಆಟದ ಮಳಿಗೆಯಲ್ಲಿ ಬೆಂಕಿ ಬಿದ್ದು ಮಕ್ಕಳೂ ಸೇರಿ 27 ಮಂದಿ ಸುಟ್ಟುಹೋದರು. ಅದಕ್ಕೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವೇ ಇರಲಿಲ್ಲ. ಒಬ್ಬ ಹೆಂಗಸಿನ ಟೊಮೆಟೊ ಬುಟ್ಟಿ ರಸ್ತೆಗೆ ಒಂದಡಿ ಮುಂದೆ ಬಂದದ್ದನ್ನು ಕಾಣುವ ಆಡಳಿತಕ್ಕೆ ಅಷ್ಟು ದೊಡ್ಡ ತಗಡಿನ ಮಳಿಗೆ ಕಾಣಲಿಲ್ಲ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಬರಬೇಕು ಕೂಡ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ ಕ್ರಿಕೆಟ್ ವಿಜಯೋತ್ಸವಕ್ಕೆ ಬಂದ 11 ಮಂದಿ ಕಾಲ್ತುಳಿತಕ್ಕೆ ಸಿಕ್ಕು ಸತ್ತದ್ದನ್ನು ಕಂಡ ನಮಗೆ ಗುಜರಾತಿನತ್ತ ಬೆರಳು ತೋರಿಸುವ ಅಧಿಕಾರವೂ ಇಲ್ಲ. ಬೆಳಿಗ್ಗೆ ಘೋಷಿಸಿ ಸಂಜೆಗೆ ಲಕ್ಷಗಟ್ಟಲೆ ಜನರನ್ನು ಕರೆದರೆ ಯಾವ ಊರಿನ ಯಾವ ಇಲಾಖೆಯೂ ತಯಾರಿರುವುದಿಲ್ಲ.

ಜನ ಸೇರುವುದೇ ಅಪಾಯವಲ್ಲ ಎಂಬುದಕ್ಕೆ ಬೆಂಗಳೂರಿನಲ್ಲೇ ಸಾಕ್ಷಿಯಿದೆ. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಕಾರ್ತಿಕದ ಕೊನೇ ಸೋಮವಾರ ಎಂಬ ತಿಥಿ ಗೊತ್ತು, ದೊಡ್ಡ ಬಸವಣ್ಣನ ಗುಡಿಯ ರಸ್ತೆ ಎಂಬ ಜಾಗ ಗೊತ್ತು. ಆ ದಿನಗಳಲ್ಲಿ ವಾಹನ ಬೇರೆ ದಾರಿ ಹಿಡಿಯಬೇಕೆಂದು ಸುತ್ತಲಿನ ಬಡಾವಣೆಯವರಿಗೂ ಗೊತ್ತು. ರಸ್ತೆಯ ಎರಡೂ ಬದಿ ಕಡಲೆಕಾಯಿ ರಾಶಿ ಬೀಳುತ್ತದೆ, ಹಬ್ಬ ಮುಗಿದ ಮೇಲೆ ಪೌರಕಾರ್ಮಿಕರು ಸಿಪ್ಪೆಯ ಗುಡ್ಡ ಎತ್ತುತ್ತಾರೆ, ರಸ್ತೆ ಮತ್ತೆ ರಸ್ತೆಯಾಗುತ್ತದೆ. ಮಾಣೆಕ್ ಚೌಕ ದಿನಕ್ಕೆ ಮೂರು ಸಲ ಮಾಡುವುದನ್ನು ಬಸವನಗುಡಿ ವರ್ಷಕ್ಕೊಮ್ಮೆ ಮಾಡುತ್ತದೆ. ಇಷ್ಟು ಸರಾಗವಾಗಿ ಮಾಡಬಲ್ಲ ಊರು ವರ್ಷದ ಉಳಿದ ದಿನ ತಳ್ಳುಗಾಡಿಯವರನ್ನು ಬೆನ್ನಟ್ಟುವುದೇಕೆ?

ಕರ್ನಾಟಕದ ಸಣ್ಣ ಊರುಗಳಲ್ಲಿ ವಾರದ ಸಂತೆಯ ಸುಂಕ ವಸೂಲಿಯನ್ನು ಪುರಸಭೆಗಳು ವರ್ಷಕ್ಕೆ ಹರಾಜು ಹಾಕುತ್ತವೆ. ಹಣ ಮೊದಲೇ ಕೈಗೆ ಬಂದರೆ ಪುರಸಭೆಯ ಆಸಕ್ತಿ ಅಲ್ಲಿಗೆ ಮುಗಿಯುತ್ತದೆ. ನೆರಳಿಲ್ಲ, ಕುಡಿಯುವ ನೀರಿಲ್ಲ, ಹೆಂಗಸರಿಗೆ ಶೌಚಾಲಯವಿಲ್ಲ, ಫಲಕದಲ್ಲಿ ಬರೆದ ದರಕ್ಕಿಂತ ಹೆಚ್ಚು ಕಿತ್ತುಕೊಳ್ಳುತ್ತಾರೆ ಎಂಬ ದೂರುಗಳನ್ನು ಯಾವ ಸಂತೆಯಲ್ಲಿ ನಿಂತರೂ ಕೇಳಬಹುದು. ಮೈಸೂರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರ ಆಗಸ್ಟ್‌ನಲ್ಲಿ ಕುಸಿಯಿತು. ಅದಕ್ಕೆ ನಾಲ್ಕು ವರ್ಷ ಮೊದಲು ಅಲ್ಲೇ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ವರು ಸತ್ತಿದ್ದರು. ಕೆಡವಿ ಕಟ್ಟಬೇಕೋ ದುರಸ್ತಿ ಮಾಡಬೇಕೋ ಎಂಬ ತಕರಾರು ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಉಳಿಯಿತು. ಬಾಡಿಗೆ ಮಾತ್ರ ತಪ್ಪದೆ ಪಡೆದು, ಚಾವಣಿಯ ಹೆಂಚು ಬದಲಿಸುವುದನ್ನು ಮರೆತ ದಶಕಗಳ ಲೆಕ್ಕ ಅದು. ಬೆಂಗಳೂರನ್ನು 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳಾಗಿ ಹಂಚಿದ್ದಾರೆ. ಐದಕ್ಕೂ ಐದು ವ್ಯಾಪಾರ ಸಮಿತಿ ಆಗಬೇಕು, ಐದರಲ್ಲೂ ವ್ಯಾಪಾರಿಗಳು ಮತ ಹಾಕಿ ಕಳಿಸಿದವರೇ ಕೂರಬೇಕು.

ಪಾಲಿಕೆಗೆ ಮನಸ್ಸಿದ್ದರೆ ಏನಾಗುತ್ತದೆ ಎಂದು ಕೇಳುವವರಿಗೆ ಸೂರತ್ ಉತ್ತರ ಕೊಟ್ಟಿದೆ. 1994ರ ಸೆಪ್ಟೆಂಬರಿನಲ್ಲಿ ಅಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಲಕ್ಷಾಂತರ ಜನ ಊರು ಬಿಟ್ಟರು. ಮರುವರ್ಷ ಆಯುಕ್ತರಾಗಿ ಬಂದ ಎಸ್.ಆರ್. ರಾವ್ ಅಧಿಕಾರಿಗಳನ್ನು ದಿನವೂ ಬೆಳಿಗ್ಗೆ ಬೀದಿಗಿಳಿಸಿದರು, ವಲಯದ ಅಧಿಕಾರಿಗೇ ಹಣದ, ತೀರ್ಮಾನದ ಅಧಿಕಾರ ಕೊಟ್ಟರು. ಮುಖ್ಯ ರಸ್ತೆಗಳನ್ನು ರಾತ್ರಿಯೇ ಗುಡಿಸುವ ಪದ್ಧತಿ ನೆಲೆಯೂರಿತು. ಪೇಟೆ ಮಲಗಿದ ಮೇಲೆ ಪೊರಕೆ, ಪೇಟೆ ಏಳುವ ಮುನ್ನ ಕಸದ ಲಾರಿ. ಇದೂ ವೇಳೆಯ ಹಂಚಿಕೆಯೇ. ಶರತ್ಪೂರ್ಣಿಮೆಯ ಮರುದಿನ ಚಂದೀ ಪಡ್ವೋ ಬಂದರೆ ಸೂರತ್ತಿನ ಸಂಸಾರಗಳು ಘಾರಿ ಎಂಬ ಸಿಹಿ, ಖಾರದ ಭೂಸು ಕಟ್ಟಿಕೊಂಡು ರಸ್ತೆ ಬದಿಯಲ್ಲೇ ಕೂತು ತಿನ್ನುತ್ತಾರೆ. ಅದಕ್ಕೂ ಕೆಲ ದಿನ ಮುಂಚೆ ಪಾಲಿಕೆಯ ಆರೋಗ್ಯ ವಿಭಾಗ ಅಂಗಡಿಗಳ ಖೋವಾದ ಮಾದರಿ ತೆಗೆದು ಪರೀಕ್ಷೆಗೆ ಕಳಿಸುತ್ತದೆ. ಹಬ್ಬ ತಡೆಯುವುದಲ್ಲ, ಹಬ್ಬದಲ್ಲಿ ಯಾರಿಗೂ ಹೊಟ್ಟೆ ಕೆಡದಂತೆ ನೋಡಿಕೊಳ್ಳುವುದು ಪಾಲಿಕೆಯ ಕೆಲಸ. ಪ್ಲೇಗಿನ ಊರು 2023ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಇಂದೋರಿನ ಜೊತೆ ಮೊದಲ ಸ್ಥಾನ ಪಡೆಯಿತು.

ಆ ಸೂರತ್ತಿನ ತೆಂಕಣ ಅಂಚಿನಲ್ಲಿ, ಉಧನಾ, ಭೇಸ್ತಾನ್ ದಾಟಿದ ಮೇಲೆ ಸಿಗುವ ರೈಲು ನಿಲ್ದಾಣ ಸಚಿನ್. 1791ರಲ್ಲಿ ಅದು ಆಫ್ರಿಕಾ ಮೂಲದ ಸಿದಿ ನವಾಬರ ಪುಟ್ಟ ಸಂಸ್ಥಾನವಾಯಿತು. ಯಲ್ಲಾಪುರ, ಹಳಿಯಾಳದ ಸಿದ್ದಿಗಳನ್ನು ಬಲ್ಲ ನಮಗೆ ಆ ಹೆಸರು ಹೊಸದಲ್ಲ. ಈಗ ಅದು ಕಾರ್ಖಾನೆಗಳ ಊರು. ಮಗ್ಗ, ಬಣ್ಣ, ಅಚ್ಚಿನ ಗಿರಣಿಗಳಲ್ಲಿ ಒಡಿಶಾ, ಉತ್ತರಪ್ರದೇಶ, ಬಿಹಾರ, ಮಹಾರಾಷ್ಟ್ರದಿಂದ ಬಂದವರ ದುಡಿಮೆ. ಹನ್ನೆರಡು ತಾಸಿನ ಪಾಳಿ ಮುಗಿಸಿ ಹೊರಬಂದವನಿಗೆ ಚಹಾ, ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಎರಡು ಟೊಮೆಟೊ ಬೇಕಾಗುವುದು ಗಿರಣಿಯ ಗೇಟಿನ ಮುಂದೆಯೇ, ಪಾಳಿ ಬದಲಾಗುವ ಹೊತ್ತಿನಲ್ಲೇ. ಮಧ್ಯಾಹ್ನ ಎರಡಕ್ಕೆ ತೆರೆದ ಸುಸಜ್ಜಿತ ಮಾರುಕಟ್ಟೆಯಿಂದ ಅವನಿಗೆ ಯಾವ ಉಪಯೋಗವೂ ಇಲ್ಲ.

2020ರಲ್ಲಿ ಸಚಿನ್ ಪುರಸಭೆಯನ್ನು ಸೂರತ್ ಮಹಾನಗರ ಪಾಲಿಕೆಯಲ್ಲಿ ಸೇರಿಸಿದರು. ಆದರೆ ಕೈಗಾರಿಕಾ ವಸಾಹತು ಬೇರೆಯದೇ ಅಧಿಸೂಚಿತ ಪ್ರದೇಶದ ಆಡಳಿತದಲ್ಲಿದೆ. ವಸಾಹತಿನ ಒಳಗೆ ಗಾಡಿ ನಿಲ್ಲಿಸಿದವನಿಗೂ ಗಡಿಯಾಚೆ ನಿಲ್ಲಿಸಿದವನಿಗೂ ಉತ್ತರ ಹೇಳಬೇಕಾದ ಕಚೇರಿಗಳು ಬೇರೆಬೇರೆ. 2022ರ ಜನವರಿ 6ರ ಬೆಳಗಿನ ಜಾವ ಇದೇ ವಸಾಹತಿನಲ್ಲಿ ಒಂದು ಟ್ಯಾಂಕರು ರಸ್ತೆ ಬದಿಯ ಚರಂಡಿಗೆ ಕಳ್ಳತನದಿಂದ ರಾಸಾಯನಿಕ ಸುರಿಯಿತು. ಎದ್ದ ವಿಷಗಾಳಿಗೆ ಆರು ಕಾರ್ಮಿಕರು ಸತ್ತರು. ಗಿರಣಿಗಳು ರಾತ್ರಿಯಿಡೀ ನಡೆಯುವ ಊರಿನಲ್ಲಿ ರಾತ್ರಿಯ ರಸ್ತೆಯನ್ನು ಕಾಯುವವರು ಯಾರೂ ಇರಲಿಲ್ಲ. ಮಾಣೆಕ್ ಚೌಕದ ಚಿನಿವಾರರು ತಿಂಡಿ ಗಾಡಿಗಳಲ್ಲಿ ಕಂಡ ಕಾವಲಿನ ಬೆಲೆ ಇಲ್ಲಿ ನೆನಪಾಗುತ್ತದೆ. ಬೆಳಕು, ನಲ್ಲಿ, ಚಹಾದ ಗಾಡಿ, ನಾಲ್ಕು ಜನ ಇರುವ ತಿರುವಿನಲ್ಲಿ ಟ್ಯಾಂಕರಿನ ಕೊಳವೆ ಬಿಚ್ಚುವುದು ಅಷ್ಟು ಸುಲಭವಲ್ಲ.

ಹಾಗಾಗಿ ಸಚಿನ್‌ಗೆ ಬೇಕಾದದ್ದು ಹೊಸ ಮಾರುಕಟ್ಟೆಯ ಕಟ್ಟಡವಲ್ಲ. ಪಾಲಿಕೆಯ ವಲಯಾಧಿಕಾರಿ, ಅಧಿಸೂಚಿತ ಪ್ರದೇಶದ ಅಧಿಕಾರಿ, ಗಿರಣಿಗಳ ಪ್ರತಿನಿಧಿ, ಗೇಟಿನ ಮುಂದೆ ಮಾರುವವರು ಒಂದು ಮೇಜಿನ ಸುತ್ತ ಕೂತು ಪಾಳಿಯ ವೇಳಾಪಟ್ಟಿಯನ್ನು ಮುಂದಿಟ್ಟುಕೊಳ್ಳಬೇಕು. ಬೆಳಿಗ್ಗೆ ಆರರಿಂದ ಎಂಟು, ಸಂಜೆ ಆರರಿಂದ ಒಂಬತ್ತು ಈ ಬದಿ ಗಾಡಿಗಳಿಗೆ, ಉಳಿದ ಹೊತ್ತು ಸರಕಿನ ಲಾರಿಗಳಿಗೆ ಎಂದು ಹಿಂದಿ, ಒಡಿಯಾ, ಗುಜರಾತಿಯಲ್ಲಿ ಬರೆದು ಗೇಟಿಗೆ ಹಾಕಬೇಕು. ಶುಲ್ಕಕ್ಕೆ ರಸೀದಿ, ಕಸಕ್ಕೆ ಡಬ್ಬಿ, ಕತ್ತಲಿಗೆ ದೀಪ. ಐದು ವರ್ಷದ ಸಮೀಕ್ಷೆಗೆ ಬರುವವರು ಪಾಳಿ ಬಿಡುವ ಹೊತ್ತಿಗೆ ಬಂದು ಎಣಿಸಬೇಕು. ಇದಿಷ್ಟಕ್ಕೂ ಬೇಕಾದ ಕಾನೂನು 2014ರಿಂದ ಜಾರಿಯಲ್ಲಿದೆ.